ಟಿಯರ್ನಿ ಹೋದ ಮೇಲೆ ಡೆನ್ವರ್: ಕೋಚ್ ಜೊತೆ ಹುಡುಗರೂ ಹೋಗ್ತಾರಾ?

ಬೆಟ್ಟದ_ಮೈದಾನ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ನಡೆದ ಅದೇ ಸಭೆಯಲ್ಲಿ ಲಾಕ್ರಾಸ್ ಕೂಡ ಸೇರಿತು. ಅದನ್ನು ಗಮನಿಸಿದವರು ಕಡಿಮೆ.

ಈಗ ವಿಷಯ. ಲಾಕ್ರಾಸ್ ಕೋಚ್ ಬಿಲ್ ಟಿಯರ್ನಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 22 ಸೀಸನ್ ಇದ್ದು 6 ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. 2009ರ ಜೂನ್‌ನಲ್ಲಿ ಎಲ್ಲ ಬಿಟ್ಟು ಡೆನ್ವರ್ ವಿಶ್ವವಿದ್ಯಾಲಯಕ್ಕೆ ಬಂದರು. ಆಗ ಡೆನ್ವರ್ ಮೊದಲ ಡಿವಿಷನ್‌ಗೆ ಬಂದು ಹತ್ತೇ ವರ್ಷ, ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ಟೂರ್ನಿಗೆ ಹೋಗಿದ್ದು ಎರಡೇ ಸಲ. 2011ರಲ್ಲಿ ಸೆಮಿಫೈನಲ್, 2015ರಲ್ಲಿ ಫೈನಲ್‌ನಲ್ಲಿ ಮೇರಿಲ್ಯಾಂಡ್ ವಿರುದ್ಧ 10-5. ಪೂರ್ವ ಕರಾವಳಿಯ ಆ ಸುತ್ತು ಬಿಟ್ಟು ಅಷ್ಟು ಪಶ್ಚಿಮದ ತಂಡವೊಂದು ಪುರುಷರ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. 2023ರ ಸೀಸನ್ ಮುಗಿಸಿ ಅವರು ಹೊರಟರು. ಸಹಾಯಕರಾಗಿದ್ದ ಮ್ಯಾಟ್ ಬ್ರೌನ್ ಬಂದರು, 2024ರಲ್ಲೇ ತಂಡ ಮತ್ತೆ ಸೆಮಿಫೈನಲ್‌ಗೆ ಹೋಯಿತು.

"ಪಶ್ಚಿಮಕ್ಕೆ ಒಳ್ಳೆ ಹುಡುಗರು ಬರೋದು ದೊಡ್ಡ ಹೆಸರಿನ ಕೋಚ್ ಇದ್ದರೆ ಮಾತ್ರ. ಅವರು ಹೋದರೆ ಊರೇ ಖಾಲಿ" ಅನ್ನೋ ಮಾತನ್ನ ಎಲ್ಲರೂ ಒಪ್ಪಿಕೊಂಡ ಹಾಗಿದೆ. 2024 ನೋಡಿದರೆ ಅದು ಸುಳ್ಳು. ಉಳಿದ ಪಶ್ಚಿಮ ನೋಡಿದರೆ ಪೂರ್ತಿ ಸುಳ್ಳೂ ಅಲ್ಲ. ರಿಕ್ರೂಟಿಂಗ್ (ಹೈಸ್ಕೂಲ್ ಹುಡುಗರನ್ನ ಕಾಲೇಜು ತಂಡಕ್ಕೆ ಸೆಳೆಯೋದು) ಒಳಗು ಗೊತ್ತಿರೋರು ಬಿಡಿಸಿ ಹೇಳಿ. ಸ್ವಂತ ಮಕ್ಕಳ ಕಥೆ ಬೇಡ, ಕೆಲಸ ಹೇಗೆ ನಡೆಯುತ್ತೆ ಅಷ್ಟು ಸಾಕು.

ಹೊಸಬ_ಬಂದಿದೀನಿ

ಆಟ ಏನು ಅಂತ ಎರಡು ಸಾಲಲ್ಲಿ ಹೇಳಿದ್ರೆ ಉಪಕಾರ. ಹಾಕಿ ಥರಾನಾ?

ದೊಣ್ಣೆ_ಬಲೆ

ತುದಿಯಲ್ಲಿ ಬಲೆ ಇರೋ ಕೋಲು, ಅದರಲ್ಲಿ ರಬ್ಬರ್ ಚೆಂಡು ಹಿಡಿದು ಓಡೋದು, ಎಸೆಯೋದು, 6 ಅಡಿ ಚೌಕದ ಗೋಲಿಗೆ ಹೊಡೆಯೋದು. ಒಂದು ಕಡೆ 10 ಜನ. ಮೈದಾನ 110 ಗಜ ಉದ್ದ, 60 ಗಜ ಅಗಲ. ಹಾಕಿಯಲ್ಲಿ ನಿಲ್ಲೋ ಹಾಗೆ ಗೋಲಿನ ಹಿಂದೆ ಆಟ ನಿಲ್ಲಲ್ಲ, ಹಿಂದೆಯೂ ಆಡಬಹುದು. ಮೂಲತಃ ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ.

ಇನ್ನು ಬೆಟ್ಟದ_ಮೈದಾನ ಕೇಳಿದ್ದಕ್ಕೆ. ಕೋಚ್ ಹೋದರು ಅನ್ನೋದಕ್ಕಿಂತ ಯಾವ ತಿಂಗಳಲ್ಲಿ ಹೋದರು ಅನ್ನೋದು ಮುಖ್ಯ. ಕ್ಯಾಲೆಂಡರ್ ನೋಡಿ.

ಕಾಲೇಜು ಸೀಸನ್ ಫೆಬ್ರವರಿಯಲ್ಲಿ ಶುರುವಾಗಿ ಮೇ ಕೊನೆಯ ವಾರ ಫೈನಲ್. ಜೂನ್, ಜುಲೈ ಬೇಸಿಗೆ ಕ್ಲಬ್ ಟೂರ್ನಿಗಳು. ಕೋಚ್‌ಗಳು ಮೈದಾನದ ಅಂಚಲ್ಲಿ ಮಡಚುವ ಕುರ್ಚಿ ಹಾಕಿ ದಿನಕ್ಕೆ ಹತ್ತಾರು ಮ್ಯಾಚ್ ನೋಡೋದು ಆಗಲೇ. ಆದರೆ ಹುಡುಗನ ಜೊತೆ ಮಾತಾಡೋ ಹಾಗಿಲ್ಲ. ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ರವರೆಗೆ ಫೋನು, ಮೆಸೇಜು ಎರಡೂ ನಿಷಿದ್ಧ. ಈ ನಿಯಮ ಬಂದಿದ್ದು 2017ರಲ್ಲಿ. ಅದಕ್ಕೆ ಮುಂಚೆ ಎಂಟನೇ, ಒಂಬತ್ತನೇ ತರಗತಿ ಹುಡುಗರನ್ನೇ ಬುಕ್ ಮಾಡ್ತಿದ್ದರು, ಎಳೆ ಹಲಸಿಗೆ ಬೆಲೆ ಕಟ್ಟಿದ ಹಾಗೆ.

ಈಗ ಕೋಚ್ ಜೂನ್ ನಡುವೆ ರಾಜೀನಾಮೆ ಕೊಟ್ಟರು ಅಂತಿಟ್ಕೊಳ್ಳಿ. ಹುದ್ದೆ ಪ್ರಕಟಿಸೋದು, ಸಂದರ್ಶನ, ಒಪ್ಪಂದ ಎಲ್ಲ ಮುಗಿಯೋದ್ರಲ್ಲಿ ಜುಲೈ ಬರುತ್ತೆ. ಹೊಸ ಕೋಚ್ ತನ್ನ ಸಹಾಯಕರನ್ನ ಕರೆಸಿಕೊಳ್ಳೋ ಹೊತ್ತಿಗೆ ಟೂರ್ನಿಗಳು ಮುಗಿದಿರ್ತವೆ. ಸೆಪ್ಟೆಂಬರ್ 1ರ ಮಧ್ಯರಾತ್ರಿ ಬೇರೆ ಕಾಲೇಜುಗಳೆಲ್ಲ ಪಟ್ಟಿ ಹಿಡಿದು ಫೋನ್ ತಿರುಗಿಸ್ತಿರುವಾಗ ಇವರ ಕೈಯಲ್ಲಿ ಹಿಂದಿನವರು ಬಿಟ್ಟುಹೋದ ಒಂದು ಸ್ಪ್ರೆಡ್‌ಶೀಟ್ ಅಷ್ಟೆ. ಆ ಒಂದು ಬ್ಯಾಚ್ ಕೆಟ್ಟರೆ ಅದರ ಪೆಟ್ಟು ಕಾಣೋದು ಅದೇ ವರ್ಷ ಅಲ್ಲ, ಮೂರು ವರ್ಷದ ಮೇಲೆ, ಆ ಹುಡುಗರು ತಂಡದ ಬೆನ್ನೆಲುಬಾಗಬೇಕಾದಾಗ. ಅಷ್ಟೊತ್ತಿಗೆ ಜನ ಹೊಸ ಕೋಚ್‌ನ ಬೈತಿರ್ತಾರೆ.

ಟಿಯರ್ನಿ ಇಲ್ಲಿ ಜಾಣತನ ಮಾಡಿದರು. ಸೀಸನ್ ಶುರುವಾಗೋ ಮೊದಲೇ ಇದು ಕೊನೇದು ಅಂತ ಹೇಳಿ, ಮುಂದೆ ಯಾರು ಅನ್ನೋದನ್ನೂ ಆಗಲೇ ಹೇಳಿಸಿದರು. ಖುರ್ಚಿ ಒಂದು ದಿನವೂ ಖಾಲಿ ಇರಲಿಲ್ಲ.

ಧಾರವಾಡ_ಪೇಡೆ

ಕ್ಯಾಲೆಂಡರ್ ಖರೆ ಅದರಿ, ಆದ್ರ ರೊಕ್ಕದ ಮಾತು ಬಿಟ್ಟು ರಿಕ್ರೂಟಿಂಗ್ ಮಾತಾಡಿದ್ರ ಅರ್ಧಾ ಮಾತಾಡಿದಂಗ.

ಇತ್ತೀಚಿನ ತನಕ ಪುರುಷರ ಮೊದಲ ಡಿವಿಷನ್ ತಂಡಕ್ಕ ಎನ್‌ಸಿಎಎ ಕೊಡ್ತಿದ್ದ ಮಿತಿ 12.6 ಪೂರ್ಣ ಸ್ಕಾಲರ್‌ಶಿಪ್. ತಂಡದಾಗ 45 ಹುಡುಗರು ಅಂತ ಹಿಡೀರಿ. ಸಮ ಹಂಚಿದ್ರ ಒಬ್ಬಗ ಶೇ 28. ಸಮ ಯಾರೂ ಹಂಚಂಗಿಲ್ಲ. ಫೇಸ್‌ಆಫ್ (ಆಟ ಶುರುವಾಗೂ ಮುಂದ ಚೆಂಡಿಗೆ ಇಬ್ಬರ ಜಗ್ಗಾಟ) ಹುಡುಗಗ, ಗೋಲ್‌ಕೀಪರ್‌ಗ, ಮೊದಲನೇ ಸಾಲಿನ ಅಟ್ಯಾಕ್‌ಗ ಜಾಸ್ತಿ, ಉಳದವರಿಗೆ ಪುಸ್ತಕದ ಖರ್ಚು. ಡೆನ್ವರ್ ಖಾಸಗಿ ವಿಶ್ವವಿದ್ಯಾಲಯ, ಫೀ ಸಣ್ಣದಲ್ಲ. ಪೂರ್ವದ ಬಾಲ್ಟಿಮೋರ್ ಹುಡುಗ ಮನಿ ಹತ್ತಿರದ ಕಾಲೇಜಿನಾಗ ಅಷ್ಟೇ ಪರ್ಸೆಂಟ್ ಸಿಕ್ಕರ ಇಷ್ಟು ದೂರ ಯಾಕ ಬರ್ತಾನು? ಅವರಪ್ಪ ಅವ್ವ ಕಾರಿನಾಗ ಮೂರು ತಾಸಿನ್ಯಾಗ ಹೋಗಿ ಮ್ಯಾಚ್ ನೋಡಿ ರಾತ್ರಿ ಊಟಕ್ಕ ಮನಿಗೆ ಬರಬಹುದು.

ಸರ್ಕಾರಿ ವಿಶ್ವವಿದ್ಯಾಲಯ ಆದ್ರ ಇನ್ನೊಂದು ತೊಡಕು. ಪಶ್ಚಿಮದ ರಾಜ್ಯಗಳ ನಡುವ ಒಂದು ವಿನಿಮಯ ಯೋಜನಾ ಅದ. ಅದರಾಗ ಇರೋ ಕಾಲೇಜಿಗೆ ನೆರೆರಾಜ್ಯದ ಹುಡುಗ ಬಂದ್ರ ಸ್ಥಳೀಯರ ಫೀದ ಶೇ 150ರ ಒಳಗ ಮುಗೀತದ. ಮೇರಿಲ್ಯಾಂಡ್ ಹುಡುಗಗ ಅದು ಇಲ್ಲ, ಪೂರ್ತಿ ಹೊರರಾಜ್ಯದ ಫೀ. ಅಂದ್ರ ಅದೇ ಒಂದು ಸ್ಕಾಲರ್‌ಶಿಪ್ ರೊಕ್ಕ ಪಶ್ಚಿಮದ ಹುಡುಗನ ಮ್ಯಾಲೆ ಹೆಚ್ಚು ದೂರ ಹೋಗ್ತದ. ಲೆಕ್ಕಾ ಬರೋ ಕೋಚ್ ಆದ್ರ ಕ್ಯಾಲಿಫೋರ್ನಿಯಾ, ಕೊಲರಾಡೋದಾಗ ಹೆಚ್ಚು ಹುಡುಕಬೇಕು. ಆದ್ರ ಹೆಸರಿನ ಹುಚ್ಚಿಗೆ ಎಲ್ಲಾರೂ ನ್ಯೂಯಾರ್ಕಿನ ಲಾಂಗ್ ಐಲೆಂಡಿಗೇ ಹೋಗಿ ಕೂಡ್ತಾರ.

2025ರ ಜೂನ್‌ನಾಗ ಹೌಸ್ ಒಪ್ಪಂದಕ್ಕ (ಆಟಗಾರರು ಎನ್‌ಸಿಎಎ ಮ್ಯಾಲೆ ಹಾಕಿದ್ದ ಕೇಸಿನ ರಾಜಿ) ಕೋರ್ಟ್ ಒಪ್ಪಿಗಿ ಕೊಟ್ಟ ಮ್ಯಾಲೆ ಸ್ಕಾಲರ್‌ಶಿಪ್ ಮಿತಿ ಹೋತು, ಅದರ ಬದಲಿ ತಂಡದ ಗಾತ್ರಕ್ಕ ಮಿತಿ ಬಂತು. ಒಪ್ಪಂದದೊಳಗ ಬಂದ ಕಾಲೇಜಿಗೆ ಪುರುಷರಲ್ಲಿ 48, ಮಹಿಳೆಯರಲ್ಲಿ 38. ರೊಕ್ಕ ಇದ್ದವರು 48 ಮಂದಿಗೂ ಪೂರ್ತಿ ಕೊಡಬಹುದು. ಇಲ್ಲದವರು ಇದ್ದಲ್ಲೇ. ಇದು ಪಶ್ಚಿಮಕ್ಕ ಒಳ್ಳೇದಾಗ್ತದ ಅಂತ ನನಗ ಅನಸಂಗಿಲ್ಲ.

ಕರಾವಳಿ_ಕ್ರೀಸ್

ಹಣ, ದಿನಾಂಕ ಎಲ್ಲ ಸರಿ ಮಾರಾಯ್ರೆ. ಆದರೆ ಡೆನ್ವರ್ ಕಥೆಯಲ್ಲಿ ಯಾರೂ ಹೇಳದ ವಿಷಯ ಒಂದುಂಟು. ಮ್ಯಾಟ್ ಬ್ರೌನ್ ಟಿಯರ್ನಿ ಕರೆತಂದವರಲ್ಲ. ಟಿಯರ್ನಿ ಬರುವ ಮೊದಲೇ ಅಲ್ಲಿದ್ದವರು, ಅಲ್ಲಿಯೇ ಆಡಿದವರು, ಊರು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬರ್ನಬಿ. ಟಿಯರ್ನಿ ಬಂದಾಗ ಇವರನ್ನು ಉಳಿಸಿಕೊಂಡರು. ದೊಡ್ಡ ಬುದ್ಧಿವಂತಿಕೆ ಅದು. ಹೆಸರು ಟಿಯರ್ನಿಯದ್ದು, ಕೆನಡಾದ ಫೋನ್ ನಂಬರುಗಳು ಬ್ರೌನ್ ಕೈಯಲ್ಲಿ.

ಕೆನಡಾದ ಹುಡುಗರು ಯಾಕೆ ಬೇಕು ಅಂದರೆ ಬಾಕ್ಸ್ ಲಾಕ್ರಾಸ್. ಬೇಸಿಗೆಯಲ್ಲಿ ಐಸ್ ತೆಗೆದ ಹಾಕಿ ರಿಂಕಿನೊಳಗೆ, ಸುತ್ತ ಹಲಗೆ ಗೋಡೆ, ಗೋಲಿ (ಗೋಲ್‌ಕೀಪರ್) ಬಿಟ್ಟು ಒಂದು ಕಡೆಗೆ ಐದೇ ಜನ, 30 ಸೆಕೆಂಡ್ ಶಾಟ್ ಕ್ಲಾಕ್. ಗೋಲು 4 ಅಡಿ ಎತ್ತರ ಮಾತ್ರ, ಅದರ ಎದುರು ದಿಂಬು ಕಟ್ಟಿಕೊಂಡ ಹಾಗಿರುವ ಗೋಲಿ. ಕಾಣುವ ಜಾಗ ಅಂಗೈ ಅಗಲ. ಅಲ್ಲಿ ಗೋಲು ಹೊಡೆದು ಬೆಳೆದವನಿಗೆ 6 ಅಡಿಯ ಗೋಲು ಸಿಕ್ಕರೆ ಗುಡಾಣದ ಬಾಯಿ ಕಂಡ ಹಾಗೆ.

ಡೆನ್ವರ್ ಆಟದ ಜೀವ ಇಬ್ಬರ ಆಟ. ಚೆಂಡಿದ್ದವನು ಬಲಗೈಯವನು ಅಂದುಕೊಳ್ಳಿ. ಅವನು ಮೈದಾನದ ಎಡಬದಿಯಲ್ಲಿ ಇರ್ತಾನೆ, ಯಾಕೆಂದರೆ ಹಾಗಿದ್ದರೆ ಕೋಲಿನ ತಲೆ ನಡುವಿನ ಕಡೆಗೆ ಇರ್ತದೆ. ಜೊತೆಗಾರ ಬಂದು ಡಿಫೆಂಡರ್‌ನ ದಾರಿಗೆ ಅಡ್ಡ ನಿಲ್ತಾನೆ, ಅದು ಪಿಕ್. ಕಾಲು ಅಲುಗಾಡಬಾರದು, ಅಲುಗಾಡಿದರೆ ಚೆಂಡು ಎದುರಾಳಿಗೆ. ಡಿಫೆಂಡರ್‌ಗಳು ಅದಲುಬದಲಾಗುವ ಆ ಅರ್ಧ ಸೆಕೆಂಡಿನಲ್ಲಿ ಪಿಕ್ ಕೊಟ್ಟವನು ತಿರುಗಿ ಗೋಲಿನ ಕಡೆ ಜಾರ್ತಾನೆ. ಹೆಗಲ ಮೇಲಿಂದ ಚಿಕ್ಕ ಪಾಸ್, ಹಿಡಿದ ಕೈಯಲ್ಲೇ ಶಾಟ್. ಇಬ್ಬರ ನಡುವೆ ಕೂಗು, ಕೈಸನ್ನೆ ಏನೂ ಇಲ್ಲ. ಇದನ್ನು ಹತ್ತೊಂಬತ್ತರಲ್ಲಿ ಕಲಿಸಲಿಕ್ಕೆ ಆಗುವುದಿಲ್ಲ, ಹತ್ತರಲ್ಲಿ ಕಲಿತಿರಬೇಕು. 2015ರ ಫೈನಲ್‌ನಲ್ಲಿ 10ರಲ್ಲಿ 5 ಗೋಲು ಹೊಡೆದ ವೆಸ್ ಬರ್ಗ್ ಕೂಡ ಬ್ರಿಟಿಷ್ ಕೊಲಂಬಿಯಾದವನೇ, ಕೊಕ್ವಿಟ್ಲಂ.

ಹಾಗಾಗಿ ಕೋಚ್ ಬದಲಾದಾಗ ಕೇಳಬೇಕಾದ್ದು: ಹೊಸಬನ ಆಟದ ಪದ್ಧತಿಗೂ ಇರುವ ಹುಡುಗರ ಕೈಗೂ ಕೂಡಿಬರ್ತದಾ? ಬಾಕ್ಸ್ ಹುಡುಗರು ಕೈ ಬದಲಿಸುವುದು ಕಡಿಮೆ. ಎರಡೂ ಕೈಯಲ್ಲಿ ಆಡಬೇಕು, ಚೆಂಡು ದಾಳಿಯಲ್ಲಿರುವ ಆರೂ ಜನರ ಸುತ್ತ ತಿರುಗಬೇಕು ಅನ್ನುವ ಕೋಚ್ ಬಂದರೆ ಇದೇ ಹುಡುಗರು ಅಡ್ಡಾದಿಡ್ಡಿ ಕಾಣ್ತಾರೆ. ಹುಡುಗರಲ್ಲಿ ತಪ್ಪೇನೂ ಇರುವುದಿಲ್ಲ.

ಮೆಶ್_ಮಾಸ್ತರ

ಕರಾವಳಿಯವರು ಹೇಳಿದ್ದಕ್ಕೆ ಒಂದು ಸಣ್ಣ ಸೇರಿಕೆ. ಬಾಕ್ಸ್‌ನಿಂದ ಬಂದ ಹುಡುಗನ ಕೋಲು ನೇರ ಕಾಲೇಜು ಆಟಕ್ಕೆ ನಡೆಯಲ್ಲ. ಅವರ ಪಾಕೆಟ್ (ಬಲೆಯಲ್ಲಿ ಚೆಂಡು ಕೂರೋ ಚೀಲ) ಆಳ. ಎನ್‌ಸಿಎಎ ನಿಯಮದಲ್ಲಿ ಕೋಲನ್ನ ಅಡ್ಡ ಹಿಡಿದಾಗ ಚೆಂಡಿನ ಮೇಲಂಚು ಪಕ್ಕದ ಪ್ಲಾಸ್ಟಿಕ್‌ನ ಕೆಳಅಂಚಿಗಿಂತ ಕೆಳಗೆ ಹೋಗಬಾರದು. ಶೂಟಿಂಗ್ ಸ್ಟ್ರಿಂಗ್‌ಗಳು (ಬಲೆಗೆ ಅಡ್ಡ ಕಟ್ಟೋ ದಾರಗಳು) ತಲೆಯ ಮೇಲ್ತುದಿಯಿಂದ 4 ಇಂಚಿನೊಳಗೇ ಇರಬೇಕು. 'ಯು' ಆಕಾರದಲ್ಲಿ ಕೆಳಗಿನವರೆಗೆ ಕಟ್ಟೋದು 2013ರಿಂದ ಬಂದ್.

ಹೀಗಾಗಿ ಮತ್ತೆ ಕಟ್ಟಬೇಕು. ಆಳ ಕಡಿಮೆ ಮಾಡಿದರೆ ಚೆಂಡು ಸಡಿಲವಾಗಿ ಕೂರುತ್ತೆ, ಪೆಟ್ಟು ಬಿದ್ದಾಗ ಉದುರುತ್ತೆ. ಅದಕ್ಕೆ ನಡುವಿನ ಕಾಲುವೆಯನ್ನ ಬಿಗಿ ಮಾಡಿ, ಪಕ್ಕದ ದಾರದಲ್ಲಿ ಗಂಟು ಹತ್ತಿರ ಹತ್ತಿರ ಹಾಕಿ ಚೆಂಡು ಒಂದೇ ಸಾಲಲ್ಲಿ ಜಾರೋ ಹಾಗೆ ಮಾಡ್ತಾರೆ. ಹೊಸ ಮೆಶ್ (ಬಲೆ) ಪಳಗೋಕೆ ಗೋಡೆಗೆ ನೂರಾರು ಎಸೆತ ಬೇಕು. ಫೆಬ್ರವರಿಯ ಹಿಮದಲ್ಲಿ ಮೃದು ಮೆಶ್ ನೀರು ಕುಡಿದು ಜೋತುಬಿದ್ದರೆ ಪಾಸ್ ಎಲ್ಲ ನೆಲಕ್ಕೆ ಹೊಡೆಯುತ್ತೆ. ಮೇಣ ಸವರಿದ ಮೆಶ್ ತಡೆಯುತ್ತೆ. ಪಂದ್ಯದ ನಡುವೆ ರೆಫ್ರಿ ಕೋಲು ಪರೀಕ್ಷೆ ಮಾಡಿ ಅಕ್ರಮ ಅಂದರೆ ಆ ಹುಡುಗ ಸ್ವಲ್ಪ ಹೊತ್ತು ಹೊರಗೆ. ಪೂರ್ವದಿಂದ ಬಂದ ಕೋಚ್‌ಗಳಿಗೆ ಈ ತಾಪತ್ರಯದ ಅಭ್ಯಾಸ ಇರಲ್ಲ.

ಬೆಟ್ಟದ_ಮೈದಾನ

ಒಳ್ಳೆ ಮಾತು ಬಂತು. ಆದರೆ ಎತ್ತರದ ಬಗ್ಗೆ ಯಾರೂ ಎತ್ತಲಿಲ್ಲ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,609 ಮೀಟರ್. ತೆಳು ಗಾಳಿಯಲ್ಲಿ ಶಾಟ್ ಬುಲೆಟ್ ಥರ ಹೋಗುತ್ತೆ, ಗೋಲಿಗಳು ಬರೋಕೆ ಹೆದರ್ತಾರೆ ಅಂತಾರೆ. ನಿಜವೇ?

ಲೆಕ್ಕದ_ಮೇಷ್ಟ್ರು

ಬುಲೆಟ್ ಕಥೆ ಬಿಡಿ. ಅಲ್ಲಿ ಗಾಳಿಯ ಸಾಂದ್ರತೆ ಶೇ 15ರಿಂದ 17ರಷ್ಟು ಕಡಿಮೆ. ಗಂಟೆಗೆ 90 ಮೈಲಿ, ಅಂದರೆ ಸೆಕೆಂಡಿಗೆ ಸುಮಾರು 40 ಮೀಟರ್ ವೇಗದ ಶಾಟ್ 12 ಗಜದಿಂದ ಬಂದರೆ ಗೋಲು ಮುಟ್ಟೋಕೆ ಸೆಕೆಂಡಿನ ಮೂರನೇ ಒಂದು ಭಾಗವೂ ಬೇಡ. ಸುಮಾರು 145 ಗ್ರಾಂ ಚೆಂಡಿಗೆ ಸಮುದ್ರಮಟ್ಟದಲ್ಲಿ ಆ ದೂರದಲ್ಲಿ ವೇಗ ಸೆಕೆಂಡಿಗೆ 3 ಮೀಟರ್‌ನಷ್ಟು ಇಳಿದರೆ, ಡೆನ್ವರ್‌ನಲ್ಲಿ ಎರಡೂವರೆಯಷ್ಟು ಇಳಿಯುತ್ತೆ. ವ್ಯತ್ಯಾಸ ಶೇ 1ರ ಆಸುಪಾಸು. ಗೋಲಿಗೆ ಎರಡು ಮಿಲಿಸೆಕೆಂಡ್ ನಷ್ಟ. ಅದಕ್ಕೆ ಯಾರೂ ಕಾಲೇಜು ಬಿಡಲ್ಲ. ತಮ್ಮ ಗೋಲಿನ ಕಡೆಯಿಂದ ಮುಂದಕ್ಕೆ ಎಸೆಯೋ ಉದ್ದ ಕ್ಲಿಯರಿಂಗ್ ಪಾಸ್ 50 ಗಜ ಹೋಗೋದಿದ್ದರೆ ಸ್ವಲ್ಪ ಮುಂದೆ ಬೀಳುತ್ತೆ, ಅಷ್ಟೆ.

ಎತ್ತರದ ಪರಿಣಾಮ ಇರೋದು ಶ್ವಾಸಕೋಶದಲ್ಲಿ. ಅಟ್ಯಾಕ್‌ನವನಿಗೆ ಅಷ್ಟಿಲ್ಲ, ಎರಡೂ ದಿಕ್ಕಿಗೆ ಓಡೋ ಮಿಡ್‌ಫೀಲ್ಡರ್‌ಗೆ. ಹೊರಗಿನ ತಂಡಗಳು ಅದಕ್ಕೇ ಮಿಡ್‌ಫೀಲ್ಡ್ ಸಾಲುಗಳನ್ನ ಬೇಗ ಬೇಗ ಬದಲಿಸ್ತವೆ.

ದೊಣ್ಣೆ_ಬಲೆ

ಎತ್ತರಕ್ಕಿಂತ ದೂರ ಕೊಲ್ಲೋದು. ಡೆನ್ವರ್ ಆಡೋ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಆಡೋ ಕಾಲೇಜುಗಳ ಗುಂಪು) ಬಿಗ್ ಈಸ್ಟ್. ಅದರ ಪುರುಷರ ಲಾಕ್ರಾಸ್‌ನಲ್ಲಿ ಇರೋದು ಆರೇ ತಂಡ: ಡೆನ್ವರ್, ಜಾರ್ಜ್‌ಟೌನ್, ವಿಲನೋವಾ, ಪ್ರಾವಿಡೆನ್ಸ್, ಸೇಂಟ್ ಜಾನ್ಸ್, ಮಾರ್ಕ್ವೆಟ್. ಟೂರ್ನಿಗೆ ನೇರ ಪ್ರವೇಶ ಸಿಗಬೇಕಾದರೆ ಕಾನ್ಫರೆನ್ಸ್‌ನಲ್ಲಿ ಆರು ತಂಡ ಇರಲೇಬೇಕು, ಅಂದರೆ ಒಂದು ಹೋದರೂ ಎಲ್ಲರಿಗೂ ಕಷ್ಟ. ಡೆನ್ವರ್‌ಗೆ ಕಾನ್ಫರೆನ್ಸ್‌ನ ಪ್ರತಿ ಹೊರಗಿನ ಪಂದ್ಯಕ್ಕೂ ವಿಮಾನ. ಬಸ್ಸಲ್ಲಿ ಹೋಗಿ ಬರಬಹುದಾದ ಎದುರಾಳಿ ಅಂದರೆ ಕೊಲರಾಡೋ ಸ್ಪ್ರಿಂಗ್ಸ್‌ನ ಏರ್‌ಫೋರ್ಸ್ ಅಕಾಡೆಮಿ, ಸುಮಾರು 60 ಮೈಲಿ. ಇನ್ನು ಸಾಲ್ಟ್ ಲೇಕ್ ಸಿಟಿಯ ಯೂಟಾ 500 ಮೈಲಿಗೂ ಹೆಚ್ಚು.

ಫಿಲಡೆಲ್ಫಿಯಾದಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಪಂದ್ಯ ಅಂದರೆ ಹುಡುಗರ ಮೈಗೆ ಬೆಳಗ್ಗೆ 10. ಎದ್ದು ತಿಂದು ವಾರ್ಮಪ್‌ಗೆ ಇಳಿಯೋದು ಅವರ ಗಡಿಯಾರದ ಆರು, ಏಳಕ್ಕೆ. ಹಿಂದಿನ ರಾತ್ರಿಯಲ್ಲ, ಎರಡು ರಾತ್ರಿ ಮೊದಲೇ ಹೋಗಬೇಕು, ಆಗ ಗುರುವಾರದ ತರಗತಿ ಹೋಯಿತು. ಕೋಚ್ ಬದಲಾದರೂ ಈ ವಿಮಾನದ ಬಿಲ್ ಬದಲಾಗಲ್ಲ.

ಮಲೆನಾಡ_ಮಿಡ್‌ಫೀಲ್ಡ್

ಕೋಚ್‌ಗಳ ಸಾಂದ್ರತೆ ಅಂತ ಒಂದಿದೆ, ಅದನ್ನ ಪೂರ್ವದ ಉದಾಹರಣೆಯಿಂದ ನೋಡಿ. 2016ರಲ್ಲಿ ಲಾರ್ಸ್ ಟಿಫನಿ ಬ್ರೌನ್ ವಿಶ್ವವಿದ್ಯಾಲಯವನ್ನ ಸೆಮಿಫೈನಲ್‌ಗೆ ಒಯ್ದರು, ಮುಂದಿನ ತಿಂಗಳೇ ವರ್ಜೀನಿಯಾಕ್ಕೆ ಹೊರಟರು. ಅಲ್ಲಿ 24 ವರ್ಷ ಇದ್ದ ಡಾಮ್ ಸ್ಟಾರ್ಸಿಯಾ ಜಾಗಕ್ಕೆ. ಸ್ಟಾರ್ಸಿಯಾ ಕೂಡ ಹಿಂದೆ ಬ್ರೌನ್‌ನಿಂದಲೇ ಹೋದವರು. ಬ್ರೌನ್ ಏನು ಮಾಡಿತು? ಮ್ಯಾಸಚುಸೆಟ್ಸ್‌ನ ಟಫ್ಟ್ಸ್‌ನಿಂದ ಮೈಕ್ ಡೇಲಿಯನ್ನ ಕರೆಸಿತು, ಮೂರನೇ ಡಿವಿಷನ್‌ನಲ್ಲಿ 2010, 2014, 2015ರಲ್ಲಿ ಪ್ರಶಸ್ತಿ ಗೆದ್ದವರು. ಕಾರಲ್ಲಿ ಒಂದು, ಒಂದೂಕಾಲು ಗಂಟೆ ದೂರ. ಆ ಕ್ಲಬ್‌ಗಳು, ಆ ಹೈಸ್ಕೂಲ್ ಕೋಚ್‌ಗಳು ಅವರಿಗೆ ಮೊದಲೇ ಗೊತ್ತು. ಮನೆ ಬದಲಾಯಿಸದೆ ಕೆಲಸ ಬದಲಾಯಿಸಬಹುದು.

ಡೆನ್ವರ್ ಕೋಚ್ ಹೋದರೆ ನೂರು ಮೈಲಿ ಸುತ್ತ ಹುಡುಕಿ. ಏರ್‌ಫೋರ್ಸ್ ಒಂದೇ. ಹಾಗಾಗಿ ಪೂರ್ವದಿಂದಲೇ ತರಬೇಕು. ಅಲ್ಲಿಂದ ಬರೋರು ಎರಡು ವರ್ಷ ಪೂರ್ವದ ತಮ್ಮ ಹಳೆ ನಂಬರ್‌ಗಳಿಗೇ ಫೋನ್ ಮಾಡ್ತಾರೆ. ಹುಡುಗರೂ ಪೂರ್ವದವರೇ ಬರ್ತಾರೆ, ಕೋಚ್ ಹೋದಾಗ ಅವರಿಗೆ ಇಲ್ಲಿ ಬೇರೇನೂ ಇರಲ್ಲ. ಪಶ್ಚಿಮ ಒಳಗಿಂದಲೇ ಒಬ್ಬರನ್ನ ಬೆಳೆಸಿಕೊಂಡಿದ್ದಾಗ ಆಟ ಮುರಿಯಲಿಲ್ಲ.

ಯೂಟಾ ನೋಡಿ. 2019ರಲ್ಲಿ ಮೊದಲ ಡಿವಿಷನ್ ಆಟ ಶುರು, ಕೋಚ್ ಬ್ರಯನ್ ಹೋಲ್ಮನ್ ನಾರ್ತ್ ಕೆರೋಲಿನಾದಿಂದ ಬಂದವರು. ಅವರ ನಂತರ ಆಂಡ್ರ್ಯೂ ಮೆಕ್‌ಮಿನ್ ಬಂದ ಮೊದಲ ಸೀಸನ್‌ನಲ್ಲೇ, 2023ರಲ್ಲಿ, ಕಾನ್ಫರೆನ್ಸ್ ಗೆದ್ದು ಮೊದಲ ಸಲ ಎನ್‌ಸಿಎಎ ಟೂರ್ನಿಗೆ ಹೋದರು. 2024ರಲ್ಲಿ ಡ್ಯೂಕ್ ವಿರುದ್ಧ 12-11, ಒಂದೇ ಗೋಲಿನಲ್ಲಿ ಸೋಲು. ಕೋಚ್ ಹೋದ ಕೂಡಲೇ ಕುಸಿತ ಅನ್ನೋ ಸಿದ್ಧಾಂತಕ್ಕೆ ಇದು ಎರಡನೇ ಪೆಟ್ಟು.

ಧಾರವಾಡ_ಪೇಡೆ

ಏರ್‌ಫೋರ್ಸ್ ಅಂದ್ರಲ್ಲ, ಅವರದು ಬ್ಯಾರೇನೇ ಲೋಕ. ಫೀ ಇಲ್ಲ, ಎಲ್ಲಾ ಕೆಡೆಟ್‌ಗೂ ಪುಕ್ಕಟ. ಆದ್ರ ಪದವಿ ಆದ ಮ್ಯಾಲೆ ಕನಿಷ್ಠ 5 ವರ್ಷ ಸೇವಾ ಮಾಡಬೇಕು, ಅಮೆರಿಕದ ಪೌರತ್ವ ಬೇಕು, ಮ್ಯಾಟ್ ಬ್ರೌನ್ ಮಾಡಿದಂಗ ಕೆನಡಾದಿಂದ ಸಾಲಾಗಿ ಹುಡುಗರನ್ನ ತರೂ ದಾರಿನೇ ಇಲ್ಲ. ಅಲ್ಲಿ ಹೋಗವ ಕೋಚ್ ನೋಡಿ ಹೋಗಂಗಿಲ್ಲ.

ಅಕ್ಕಮ್ಮ_ಅಂಕಣ

ಮಹಿಳೆಯರ ಆಟ ಮರೆತೇಬಿಟ್ರಾ ಎಲ್ಲರೂ? ಪಶ್ಚಿಮದಲ್ಲಿ ಮೊದಲ ಡಿವಿಷನ್ ತಂಡಗಳು ಹೆಚ್ಚಿರೋದು ಅಲ್ಲೇ. ಸ್ಟ್ಯಾನ್‌ಫರ್ಡ್, ಕ್ಯಾಲ್, ಯುಎಸ್‌ಸಿ, ಒರೆಗಾನ್, ಕೊಲರಾಡೋ, ಅರಿಝೋನಾ ಸ್ಟೇಟ್, ಯುಸಿ ಡೇವಿಸ್, ಸ್ಯಾನ್ ಡಿಯಾಗೋ ಸ್ಟೇಟ್, ಡೆನ್ವರ್. ಕಾರಣ ಸರಳ. ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹೋಗೋ ಗಂಡುಮಕ್ಕಳ ಸಂಖ್ಯೆಗೆ ಟೈಟಲ್ ನೈನ್ ಕಾನೂನಿನಡಿ ಹೆಣ್ಣುಮಕ್ಕಳ ಅವಕಾಶ ಸರಿದೂಗಬೇಕು. ಒಂದೇ ಆಟದಲ್ಲಿ ಮೂವತ್ತಕ್ಕೂ ಹೆಚ್ಚು ಜನರನ್ನ ಸೇರಿಸೋ ಲಾಕ್ರಾಸ್ ಆಡಳಿತಕ್ಕೆ ಅನುಕೂಲ. ಅದೇ ಲೆಕ್ಕ ಪುರುಷರ ಲಾಕ್ರಾಸ್‌ಗೆ ಉಲ್ಟಾ ಹೊಡೆಯುತ್ತೆ. ಡೆನ್ವರ್‌ನಲ್ಲಿ 1961ರಿಂದ ಫುಟ್‌ಬಾಲೇ ಇಲ್ಲ, ಪುರುಷರ ಲಾಕ್ರಾಸ್ ಬದುಕಿದ್ದಕ್ಕೆ ಅದೂ ಒಂದು ಕಾರಣ.

ಆದರೆ 2024ರಲ್ಲಿ ಪಶ್ಚಿಮದ ಕಾಲೇಜುಗಳ ಕಾನ್ಫರೆನ್ಸ್ ಪ್ಯಾಕ್-12 ಒಡೆದಾಗ ಎಲ್ಲ ಚೆಲ್ಲಾಪಿಲ್ಲಿ. ಯುಎಸ್‌ಸಿ, ಒರೆಗಾನ್ ಬಿಗ್ ಟೆನ್‌ಗೆ, ಸ್ಟ್ಯಾನ್‌ಫರ್ಡ್, ಕ್ಯಾಲ್ ಎಸಿಸಿಗೆ, ಕೊಲರಾಡೋ, ಅರಿಝೋನಾ ಸ್ಟೇಟ್ ಬಿಗ್ 12ಕ್ಕೆ. ಹತ್ತಿರದ ಎದುರಾಳಿಗಳು ಹೋಗಿ ದೇಶದ ಆ ತುದಿಗೆ ಪ್ರಯಾಣ. ಕೆಲವರು ಇದನ್ನ ಒಳ್ಳೇದು ಅಂತಾರೆ: ನ್ಯೂಜೆರ್ಸಿ ಹುಡುಗಿಗೆ "ನಿನ್ನ ಮನೆ ಹತ್ತಿರವೂ ವರ್ಷಕ್ಕೆ ಎರಡು ಪಂದ್ಯ" ಅಂತ ಹೇಳಬಹುದು. ಹೌದು, ಆದರೆ ಸೋಮವಾರದ ಪರೀಕ್ಷೆ ಯಾರು ಬರೀತಾರೆ?

ಇನ್ನು ತಂಡವನ್ನೇ ಮುಚ್ಚೋದು. ಫ್ರೆಸ್ನೋ ಸ್ಟೇಟ್ 2020ರ ಅಕ್ಟೋಬರಿನಲ್ಲಿ ಮಹಿಳೆಯರ ಲಾಕ್ರಾಸ್ ನಿಲ್ಲಿಸೋದಾಗಿ ಹೇಳಿತು. ಆಟಗಾರ್ತಿಯರು ಕೋರ್ಟಿಗೂ ಹೋದರು. ಅಂಥ ಒಂದು ಸುದ್ದಿ ಹತ್ತು ವರ್ಷ ಆ ರಾಜ್ಯದ ಅಪ್ಪ ಅಮ್ಮಂದಿರ ತಲೆಯಲ್ಲಿ ಇರುತ್ತೆ. ಕೋಚ್ ಹೋದರೆ ಇನ್ನೊಬ್ಬರು ಬರ್ತಾರೆ, ತಂಡ ಹೋದರೆ?

ದೂರದ ನೆಲದಲ್ಲಿ ಹೇಗೆ ಕಟ್ಟೋದು ಅನ್ನೋದಕ್ಕೆ ನಾರ್ತ್‌ವೆಸ್ಟರ್ನ್ ನೋಡಿ. ಇಲಿನಾಯ್, ಪಶ್ಚಿಮವೇನಲ್ಲ, ಆದರೆ ಆಟದ ತವರೂ ಅಲ್ಲ. ಕೆಲಿ ಅಮಾಂಟೆ ಹಿಲ್ಲರ್ ಒಬ್ಬರೇ ಕೋಚ್, 2005ರಿಂದ 2023ರ ನಡುವೆ 8 ಪ್ರಶಸ್ತಿ. ಅವರು ಎಲ್ಲಿಗೂ ಹೋಗಲಿಲ್ಲ ಅನ್ನೋದೇ ಉತ್ತರ.

ಹೊಸಬ_ಬಂದಿದೀನಿ

ಹಾಗಾದ್ರೆ ಕೊಲರಾಡೋ, ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಹುಡುಗರೆಲ್ಲ ಎಲ್ಲಿ ಆಡ್ತಾರೆ?

ಮಲೆನಾಡ_ಮಿಡ್‌ಫೀಲ್ಡ್

ತುಂಬಾ ಒಳ್ಳೆಯವರು ಪೂರ್ವಕ್ಕೆ. ಉಳಿದವರಲ್ಲಿ ಬಹಳ ಜನ ಎಂಸಿಎಲ್‌ಎ ಅನ್ನೋ ಕ್ಲಬ್ ಮಟ್ಟದ ಕಾಲೇಜು ಲೀಗ್‌ಗೆ. ಕೊಲರಾಡೋ ಸ್ಟೇಟ್, ಬ್ರಿಗಮ್ ಯಂಗ್, ಚಾಪ್‌ಮನ್ ಇವೆಲ್ಲ ಅಲ್ಲಿ ಗಟ್ಟಿ ಹೆಸರು. ಸ್ಕಾಲರ್‌ಶಿಪ್ ಇಲ್ಲ, ಆಟಗಾರರೇ ವರ್ಷಕ್ಕಿಷ್ಟು ಅಂತ ಕಟ್ಟಿ ಬಸ್ಸು, ರೆಫ್ರಿ, ಜೆರ್ಸಿ ಖರ್ಚು ನೋಡ್ಕೊಳ್ಳೋದು. ಮಿಷಿಗನ್ 2008, 2009, 2010ರಲ್ಲಿ ಈ ಲೀಗ್ ಗೆದ್ದು 2012ರಲ್ಲಿ ಮೊದಲ ಡಿವಿಷನ್‌ಗೆ ಏರಿತು. ಯೂಟಾ ಕೂಡ ಇದೇ ಏಣಿ ಹತ್ತಿದ್ದು. ಪ್ರತಿಭೆ ಇಲ್ಲ ಅನ್ನೋ ಮಾತು ಅರ್ಧ ಸತ್ಯ. ಕಡಿಮೆ ಇರೋದು ಮೊದಲ ಡಿವಿಷನ್ ಜಾಗ.

ಪೋರ್ಟಲ್_ಪುಟ್ಟಣ್ಣ

ಕೋಚ್ ಹೋದ ದಿನ ಏನೇನು ನಡೆಯುತ್ತೆ ಅಂತ ಯಾರೂ ಬಿಡಿಸಿಲ್ಲ, ನಾನು ಬಿಡಿಸ್ತೀನಿ.

ಬೆಳಗ್ಗೆ ತಂಡದ ಸಭೆ, ಹತ್ತು ನಿಮಿಷ. ಅದರ ಹಿಂದೆಯೇ ಹಂಗಾಮಿ ಕೋಚ್ ಹೆಸರು ಬರಬೇಕು. ಬರಲಿಲ್ಲ ಅಂದರೆ ಮಧ್ಯಾಹ್ನದೊಳಗೆ ಹುಡುಗರ ವಾಟ್ಸಾಪ್ ಗುಂಪು ಹೊತ್ತಿ ಉರಿಯುತ್ತೆ. ಮೊದಲ ಫೋನು ನಾಯಕರಿಗೆ, ಎರಡನೇದು ಬರೋ ಬೇಸಿಗೆಗೆ ಸೇರಬೇಕಾದ ಹುಡುಗರ ಮನೆಗೆ, ಮೂರನೇದು ಮಾತು ಕೊಟ್ಟಿರೋ ಹನ್ನೊಂದನೇ ತರಗತಿಯವರಿಗೆ. ಬಹಳ ಕಡೆ ಈ ಕ್ರಮ ತಪ್ಪುತ್ತೆ. ಈಗಿರೋ ಆಟಗಾರರನ್ನ ಸಮಾಧಾನ ಮಾಡ್ತಾ ಮೂರನೇ ಗುಂಪನ್ನ ಮರೀತಾರೆ. ಬಾಯಿಮಾತಿನ ಒಪ್ಪಿಗೆಗೆ ಯಾವ ಕಟ್ಟೂ ಇಲ್ಲ, ಸಂಜೆಯೊಳಗೆ ಬೇರೆ ಕಾಲೇಜು ಫೋನ್ ಮಾಡಿರುತ್ತೆ.

ಮುಂಚೆ ಲೆಟರ್ ಆಫ್ ಇಂಟೆಂಟ್ ಅಂತ ಇತ್ತು. ಸಹಿ ಹಾಕಿದ್ದು ಕಾಲೇಜಿಗೆ, ಕೋಚ್‌ಗಲ್ಲ, ಕೋಚ್ ಹೋದರೂ ಹುಡುಗ ಸುಲಭವಾಗಿ ಬಿಡಿಸಿಕೊಳ್ಳೋ ಹಾಗಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಅದನ್ನ ತೆಗೆದುಹಾಕಿ ನೆರವಿನ ಒಪ್ಪಂದದ ಪತ್ರ ಮಾತ್ರ ಇಟ್ಟರು. ಈಗಿನ ಆಟಗಾರ ಬೇರೆಡೆ ಹೋಗಬೇಕಾದರೆ ಲಿಖಿತವಾಗಿ ಕೇಳಬೇಕು. ಕಾಲೇಜು ಎರಡು ಕೆಲಸದ ದಿನದೊಳಗೆ ಹೆಸರು ಪೋರ್ಟಲ್‌ಗೆ (ಕಾಲೇಜು ಬದಲಿಸೋರ ಎನ್‌ಸಿಎಎ ಪಟ್ಟಿ) ಹಾಕಬೇಕು. ಹಾಕಿದ ಮೇಲೆ ಹಳೆ ಕಾಲೇಜು ಮುಂದಿನ ಅವಧಿಯ ನೆರವನ್ನ ನಿಲ್ಲಿಸಬಹುದು. ಸುಮ್ಮನೆ ನೋಡೋಣ ಅಂತ ಹೆಸರು ಹಾಕಿಸಿದವರು ಇಲ್ಲಿ ಸಿಕ್ಕಿಬೀಳ್ತಾರೆ.

ಡೆನ್ವರ್ ಬಿಡೋರಿಗೆ ಇನ್ನೊಂದು ಮುಳ್ಳು. ಅಲ್ಲಿ ಕ್ವಾರ್ಟರ್ ಪದ್ಧತಿ. 45 ಕ್ವಾರ್ಟರ್ ಕ್ರೆಡಿಟ್ ಬೇರೆಡೆ 30 ಸೆಮಿಸ್ಟರ್ ಕ್ರೆಡಿಟ್ ಆಗುತ್ತೆ. ಒಂದು ಕೋರ್ಸ್ 4 ಕ್ರೆಡಿಟ್ ಇದ್ದದ್ದು 2.67, ಹೊಸ ಕಾಲೇಜಿನ 3 ಕ್ರೆಡಿಟ್ ಕೋರ್ಸಿಗೆ ಸಾಲಲ್ಲ. ಮೂರನೇ ವರ್ಷಕ್ಕೆ ಪದವಿಯ ಶೇ 40, ನಾಲ್ಕನೇ ವರ್ಷಕ್ಕೆ ಶೇ 60 ಮುಗಿದಿರಬೇಕು ಅನ್ನೋ ನಿಯಮ ಇದೆ. ಈ ತುಂಡು ಕ್ರೆಡಿಟ್‌ಗಳಲ್ಲಿ ಹುಡುಗ ಶೇ 38ಕ್ಕೆ ನಿಂತರೆ ಬೇಸಿಗೆಯಲ್ಲಿ ಒಂದಾದರೂ ಕೋರ್ಸ್ ಓದದೆ ಆಡೋ ಹಾಗಿಲ್ಲ.

ಕೆನಡಾದವರಿಗೆ ಮೂರನೇ ಮುಳ್ಳು. ಐ-20 (ವಿದೇಶಿ ವಿದ್ಯಾರ್ಥಿಗೆ ಕಾಲೇಜು ಕೊಡೋ ಪತ್ರ) ಅಂದರೆ ಏನು ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಕೆನಡಾ ಪೌರರಿಗೆ ವೀಸಾ ಸ್ಟಾಂಪ್ ಬೇಡ, ಆದರೆ ಐ-20, ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕದ ರಸೀದಿ ಗಡಿಯಲ್ಲಿ ಬೇಕು. ಕಾಲೇಜು ಬದಲಾಯಿಸಿದರೆ ಹಳೆ ಕಾಲೇಜು ಸೆವಿಸ್ ದಾಖಲೆ ಬಿಟ್ಟುಕೊಡಬೇಕು, ಐದು ತಿಂಗಳೊಳಗೆ ಹೊಸದರಲ್ಲಿ ತರಗತಿ ಶುರುವಾಗಬೇಕು. ಈಗ ಆಟಗಾರರಿಗೆ ಬರ್ತಿರೋ ಪ್ರಾಯೋಜಕತ್ವದ ಹಣವೂ ಎಫ್-1 (ವಿದೇಶಿ ವಿದ್ಯಾರ್ಥಿ) ಸ್ಥಿತಿಯಲ್ಲಿ ಕೆಲಸದ ನಿಯಮಕ್ಕೆ ಅಡ್ಡ ಬರುತ್ತೆ. ಅಮೆರಿಕದ ಹುಡುಗನಿಗೆ ಸಿಗೋದು ಇವನಿಗೆ ಸಿಗದೇ ಹೋಗಬಹುದು. ಡೆನ್ವರ್‌ನ ಕೆನಡಾ ದಾರಿಗೆ ಮುಂದೆ ಕಲ್ಲು ಬಿದ್ದರೆ ಇಲ್ಲಿಂದಲೇ ಬೀಳೋದು, ಕೋಚ್ ಕಡೆಯಿಂದ ಅಲ್ಲ.

ಬೆಟ್ಟದ_ಮೈದಾನ

ಪುಟ್ಟಣ್ಣ, ಇದು ಬೇಕಾಗಿದ್ದದ್ದು. ಹಾಗಾದರೆ ಕೋಚ್ ಬದಲಾದ ಕಾಲೇಜನ್ನ ನೋಡ್ತಿರೋ ಮನೆಯವರು ಏನು ಕೇಳಬೇಕು?

ಪೋರ್ಟಲ್_ಪುಟ್ಟಣ್ಣ

ಹೊಸ ಕೋಚ್ ಬಗ್ಗೆ ಕೇಳಬೇಡಿ, ಎಲ್ಲರೂ ಚೆನ್ನಾಗೇ ಮಾತಾಡ್ತಾರೆ. ರಿಕ್ರೂಟಿಂಗ್ ನೋಡ್ತಿದ್ದ ಸಹಾಯಕ ಉಳಿದರಾ, ಹೋದರಾ ಕೇಳಿ. ನೆರವಿನ ಮೊತ್ತ ಒಂದು ವರ್ಷಕ್ಕೋ ನಾಲ್ಕಕ್ಕೋ, ಕಾಗದದಲ್ಲಿ ನೋಡಿ. ತಂಡದ ಪಟ್ಟಿ ತೆಗೆದು ನಿಮ್ಮ ಹುಡುಗನ ಸ್ಥಾನದಲ್ಲಿ ಮೊದಲ, ಎರಡನೇ ವರ್ಷದವರು ಎಷ್ಟು ಅಂತ ಎಣಿಸಿ. 48ರ ಮಿತಿ ಇದ್ದಲ್ಲಿ ಫೇಸ್‌ಆಫ್‌ಗೆ ನಾಲ್ಕನೆಯವನನ್ನ ಯಾರೂ ಇಟ್ಕೊಳ್ಳಲ್ಲ. ಇಬ್ಬರು, ಹೆಚ್ಚಂದರೆ ಮೂವರು.

ದೊಣ್ಣೆ_ಬಲೆ

ಫೇಸ್‌ಆಫ್ ಅಂದಿದ್ದಕ್ಕೆ ನೆನಪಾಯ್ತು. 2015ರ ಡೆನ್ವರ್ ಅನ್ನ ಬರೀ ಕೆನಡಾ ಅಂದರೆ ತಪ್ಪಾಗುತ್ತೆ. ಫೇಸ್‌ಆಫ್‌ನಲ್ಲಿ ನಿಂತಿದ್ದ ಟ್ರೆವರ್ ಬ್ಯಾಪ್ಟಿಸ್ಟ್ ಮೊದಲ ವರ್ಷದ ಹುಡುಗ, ನ್ಯೂಜೆರ್ಸಿಯವನು. ಚೆಂಡು ಕೈಗೆ ಬರದಿದ್ದರೆ ಇಬ್ಬರ ಆಟ ಯಾರು ಆಡಬೇಕು? ಪೂರ್ವದಿಂದ ಒಬ್ಬಿಬ್ಬರು ಸರಿಯಾದ ಜಾಗಕ್ಕೆ, ಉಳಿದದ್ದು ತಮ್ಮದೇ ದಾರಿಯಿಂದ. ಆ ಹದ ಸಿಕ್ಕಿದ್ದಕ್ಕೆ ಗೆದ್ದರು.

ಕರಾವಳಿ_ಕ್ರೀಸ್

ಒಪ್ಪಿದೆ. ಮತ್ತೆ 2028ರಲ್ಲಿ ಆಡುವುದು ಈ ಹತ್ತು ಜನರ ಆಟವಲ್ಲ, ಸಿಕ್ಸಸ್. ಗೋಲಿ ಸೇರಿ ಆರು ಜನ, 70 ಮೀಟರ್ ಉದ್ದ 36 ಮೀಟರ್ ಅಗಲದ ಮೈದಾನ, 30 ಸೆಕೆಂಡ್ ಕ್ಲಾಕ್, 8 ನಿಮಿಷದ ನಾಲ್ಕು ಅವಧಿ. ಉದ್ದ ಕೋಲಿನ ಡಿಫೆಂಡರ್ ಇಲ್ಲ, ಎಲ್ಲರಿಗೂ ಚಿಕ್ಕ ಕೋಲು. ಅಂದರೆ ಬಾಕ್ಸ್‌ಗೆ ಹತ್ತಿರ. ಮ್ಯಾಟ್ ಬ್ರೌನ್ ಹುಡುಕುವ ಜಾತಿಯ ಹುಡುಗನನ್ನೇ ಇನ್ನು ಪೂರ್ವದವರೂ ಹುಡುಕ್ತಾರೆ. ಬರ್ನಬಿ ರಿಂಕಿನ ಬೆಂಚಿನಲ್ಲಿ ಜಾಗ ಸಿಗುವುದು ಕಷ್ಟವಾದೀತು.

ಧಾರವಾಡ_ಪೇಡೆ

ಹಂಗಾದ್ರ ಮೆಶ್ ಮಾಸ್ತರ್, ಸಿಕ್ಸಸ್‌ಗೆ ಪಾಕೆಟ್ ಎಷ್ಟು ಆಳ ಇಡ್ತೀರಿ?

ಮೆಶ್_ಮಾಸ್ತರ

ನಿಯಮ ಬಿಟ್ಟಷ್ಟು ಆಳ, ಆದರೆ ನಡುವಿಗೆ. ಕೆಳಗೆ ಇಟ್ಟರೆ ಪಾಸ್ ನಿಧಾನ ಆಗುತ್ತೆ, 30 ಸೆಕೆಂಡ್‌ನಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಎರಡು ಶೂಟಿಂಗ್ ಸ್ಟ್ರಿಂಗ್ ಸಾಕು, ಮೂರನೇದು ಕಟ್ಟಿದರೆ ಚೆಂಡು ಸಿಕ್ಕಿಕೊಳ್ಳುತ್ತೆ.